ಅರಮನೆಯ ಭಂಡಾರ, ಬಸದಿಯ ಬೀಗ, ವಡಾಲದ ರದ್ದಿ



ವಡಾಲದಲ್ಲಿ ನಾವು ಮೂರು ತಲೆಮಾರು ಬಾಳಿದ ಕಟ್ಟಡವು ಪುನರಾಭಿವೃದ್ಧಿಗೆ ಹೋದಾಗ ಮನೆ ಖಾಲಿ ಮಾಡಲು ದೊರೆತ ಅವಧಿ ಅಲ್ಪವಾಗಿತ್ತು. ಬಾಡಿಗೆಯ ಮನೆ ಚಿಕ್ಕದು, ಸಾಮಾನು ಹೆಚ್ಚು. ಪಾತ್ರೆಗಳಿಗೆ, ಬೀರುವಿಗೆ, ದೇವರ ಮಂಟಪಕ್ಕೆ ಹೇಗೋ ಜಾಗ ಹೊಂದಿಸಿದೆವು. ಅಟ್ಟದ ಮೇಲಿದ್ದ ಅಜ್ಜನ ಕಬ್ಬಿಣದ ಪೆಟ್ಟಿಗೆಯ ಸರದಿ ಬಂದಾಗ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅದರಲ್ಲಿದ್ದುದು ಕನ್ನಡ ಪುಸ್ತಕಗಳು, ಹಳೆಯ ಪತ್ರಿಕೆಗಳ ಕಟ್ಟು, ಅಜ್ಜನು ಊರಿನ ಬಸದಿಯ ತಾಳೆಗರಿಯನ್ನು ನೋಡಿ ನಕಲು ಮಾಡಿಕೊಂಡಿದ್ದ ಎರಡು ನೋಟುಪುಸ್ತಕಗಳು. ಮಕ್ಕಳಿಗೆ ಕನ್ನಡ ಓದಲು ಬಾರದು. ನನಗೆ ಬರುತ್ತದೆ, ಆದರೂ ಓದಿರಲಿಲ್ಲ. ರದ್ದಿಯವನು ಕಟ್ಟುಗಳನ್ನು ತೂಗಿ ಹಣ ಕೊಟ್ಟು ಹೋದನು. ನೋಟುಪುಸ್ತಕಗಳೂ ಆ ಕಟ್ಟಿನಲ್ಲಿಯೇ ಹೋದವೆಂಬುದು ಅರಿವಾದದ್ದು ಹದಿನೈದು ದಿನಗಳ ಮೇಲೆ. ಅವು ಯಾವ ಗ್ರಂಥದ ನಕಲೆಂದು ಹೇಳಲು ಇಂದು ನನ್ನಲ್ಲಿ ಒಂದು ಹಾಳೆಯೂ ಉಳಿದಿಲ್ಲ. ಈ ಅಪರಾಧ ನನ್ನದು. ಅದನ್ನು ಬೇರಾರ ಮೇಲೂ ಹೊರಿಸಲಾರೆ.

ಅದೇ ತಿಂಗಳಲ್ಲಿ ನಮ್ಮವರದೊಂದು ಸಮಾರಂಭಕ್ಕೆ ಹೋಗಿದ್ದೆನು. ಕಲಶದ ಸವಾಲು ಲಕ್ಷಗಳಲ್ಲಿ ಏರುತ್ತಿತ್ತು. ವೇದಿಕೆಯ ಮೇಲಿನ ಭಾಷಣಕಾರರು ರಾಷ್ಟ್ರಕೂಟರಿಂದ ಆರಂಭಿಸಿ ಗಂಗ, ಹೊಯ್ಸಳ, ಮೈಸೂರು ಅರಸರವರೆಗೆ ನಮಗೆ ದೊರೆತ ರಾಜಾಶ್ರಯವನ್ನು ವರ್ಣಿಸಿದರು. ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಿದ ಆ ಕೈಗಳಲ್ಲಿ ರದ್ದಿಯ ಹಣ ಎಣಿಸಿದ ಕೈಗಳು ನನ್ನವು ಮಾತ್ರವೇ ಆಗಿದ್ದವೆಂದು ನಾನು ನಂಬುವುದಿಲ್ಲ. ಆದುದರಿಂದಲೇ ಈ ಲೇಖನ.

ಮುಂಬಯಿಯಲ್ಲಿ ಕುಳಿತು ಮೈಸೂರು ಅರಮನೆಯ ಪುಸ್ತಕಗಳ ಮಾತೇಕೆಂದು ಓದುಗರು ಕೇಳಬಹುದು. ರಾಜಾಶ್ರಯವೆಂದು ನಾವು ಹೆಮ್ಮೆಪಡುವ ವಸ್ತುವು ಪುಸ್ತಕಗಳ ವಿಷಯದಲ್ಲಿ ಹೇಗೆ ನಡೆಯಿತು, ಅದರಲ್ಲಿ ನಮ್ಮವರ ಪಾಲೆಷ್ಟು, ಪರರ ಪಾಲೆಷ್ಟು ಎಂಬ ಲೆಕ್ಕವು ಮೈಸೂರಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಆ ಲೆಕ್ಕ ನಮಗೆ ಹಿತವಾದುದಲ್ಲ. ಹಿತವಲ್ಲದ ಲೆಕ್ಕವನ್ನೇ ಮೊದಲು ನೋಡಬೇಕು.

ಮೈಸೂರಿನ ಅರಸರು ವಿದ್ವಾಂಸರನ್ನೂ ಗ್ರಂಥಗಳನ್ನೂ ಕೂಡಿಹಾಕಿದರು. ಅರಮನೆಯ ಪುಸ್ತಕಶಾಲೆಗೆ ಸರಸ್ವತೀ ಭಂಡಾರವೆಂದು ಹೆಸರಾಯಿತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಸಿಂಗರಾರ್ಯ, ಸಂಚಿ ಹೊನ್ನಮ್ಮ ಮೊದಲಾದವರು ಬರೆದರು. ಆ ಅರಸರ ಮೊದಲ ಮಂತ್ರಿ ನಮ್ಮವನೇ ಆದ ಯಳಂದೂರಿನ ವಿಶಾಲಾಕ್ಷ ಪಂಡಿತ. ಅವನು 1686ರಲ್ಲಿ ಕೊಲೆಯಾದನು. ಆಶ್ರಯದ ಕಥೆಯನ್ನು ಹೇಳುವವರು ಈ ಕೊಲೆಯನ್ನೂ ಹೇಳಬೇಕು. ಅರಮನೆಯ ಒಲವು ಒಬ್ಬ ಮಂತ್ರಿಯ ಆಯುಷ್ಯದಷ್ಟೇ ಉದ್ದ. ಅದನ್ನು ನಂಬಿ ಗ್ರಂಥಗಳ ಭವಿಷ್ಯವನ್ನು ಒಪ್ಪಿಸಲಾಗದು.

ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ 1799ರದು. ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪು ಸುಲ್ತಾನನ ಗ್ರಂಥಾಲಯದ ಸುಮಾರು ಎರಡು ಸಾವಿರ ಸಂಪುಟಗಳು ಕಂಪನಿಯ ಕೈಸೇರಿದವು. ಚಾರ್ಲ್ಸ್ ಸ್ಟುವರ್ಟನು ಅವುಗಳ ವಿವರಣಾತ್ಮಕ ಸೂಚಿಯನ್ನು 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚುಹಾಕಿಸಿದನು. ಪುಸ್ತಕಗಳು ಕೋಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿಗೂ ಲಂಡನ್ನಿಗೂ ಹಂಚಿಹೋದವು. ಒಬ್ಬ ಅರಸನ ಭಂಡಾರವೆಂದರೆ ಇಷ್ಟೇ: ಕೋಟೆ ಇರುವವರೆಗೆ ಅದೂ ಇರುತ್ತದೆ. ಆ ಸಂಗ್ರಹದಲ್ಲಿ ಏನೇನಿತ್ತೆಂದು ಇಂದು ನಾವು ಹೇಳಬಲ್ಲೆವಾದರೆ ಅದು ಪಟ್ಟಿಯೊಂದು ಉಳಿದ ಕಾರಣ. ಕೋಟೆ ಹೋಯಿತು, ಪಟ್ಟಿ ಉಳಿಯಿತು.

ಅದೇ ಯುದ್ಧದ ಬಳಿಕ ಮೈಸೂರು ಸೀಮೆಯ ಮೋಜಣಿಗೆ ಬಂದ ಕಾಲಿನ್ ಮೆಕೆಂಜಿಯು ಊರೂರಿನ ಶಾಸನ, ಕೈಫಿಯತ್ತು, ಓಲೆಗ್ರಂಥಗಳನ್ನು ಕಲೆಹಾಕಿದನು. ಅವನಿಗೆ ನೆರವಾದವರಲ್ಲಿ ಜೈನ ಪಂಡಿತ ಧರ್ಮಯ್ಯನೂ ಒಬ್ಬ. ಮಲೆಯೂರಿನ ಕನಕಗಿರಿಯ ದೇವಚಂದ್ರನೂ ಮೆಕೆಂಜಿಯನ್ನು ಕಂಡು ತನಗೆ ತಿಳಿದ ಹಳೆಯ ಸಂಗತಿಗಳನ್ನು ತಿಳಿಸಿದನು. ಮೆಕೆಂಜಿಯು 1821ರಲ್ಲಿ ತೀರಿಕೊಂಡನು. ಅವನ ಸಂಗ್ರಹವನ್ನು ಕಂಪನಿಯು ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು. ಜಗತ್ತು ಅದನ್ನು ಮೆಕೆಂಜಿ ಸಂಗ್ರಹವೆಂದು ಕರೆಯುತ್ತದೆ. ಧರ್ಮಯ್ಯನ ಹೆಸರು ಅಡಿಟಿಪ್ಪಣಿಯಲ್ಲಿದೆ. ಇದು ಅನ್ಯಾಯವೆಂದು ಕೂಗುವುದು ಸುಲಭ. ಆದರೆ ಧರ್ಮಯ್ಯನ ವಿದ್ವತ್ತನ್ನು ಬಳಸಿಕೊಳ್ಳುವ ಒಂದು ಸಂಸ್ಥೆಯನ್ನು ಆ ಕಾಲದಲ್ಲಿ ನಾವು ಕಟ್ಟಿದ್ದೆವೇ? ಅವನಿಗೆ ಸಂಬಳ ಕೊಟ್ಟವರು ಮೋಜಣಿಯ ಕಚೇರಿಯವರು. ನಮ್ಮ ಶ್ರೀಮಂತರು ಆಗಲೂ ಕಲಶಗಳನ್ನೇ ಏರಿಸುತ್ತಿದ್ದರು.

ದೇವಚಂದ್ರನು ಮಾತ್ರ ಕೈಕಟ್ಟಿ ಕೂಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1838ರ ಸುಮಾರಿಗೆ, ‘ರಾಜಾವಳೀ ಕಥೆ’ಯನ್ನು ಬರೆದು ಮುಗಿಸಿ ಅರಮನೆಯ ದೇವೀರಮ್ಮಣ್ಣಿಯವರಿಗೆ ಒಪ್ಪಿಸಿದನು. ಜೈನ ಪರಂಪರೆ, ಅರಸರ ವಂಶಾವಳಿ, ಕವಿಗಳ ಕಥೆ, ಜನರ ಬಾಯಲ್ಲಿದ್ದ ಐತಿಹ್ಯ ಎಲ್ಲವೂ ಅದರಲ್ಲಿ ಸೇರಿವೆ. ಇತಿಹಾಸಕಾರರು ಅದರ ಕಾಲಗಣನೆಯನ್ನು ಒಪ್ಪದಿರಬಹುದು. ಆದರೂ ಅದನ್ನು ತೆರೆಯದೆ ಕರ್ನಾಟಕದ ಜೈನ ಚರಿತ್ರೆಯನ್ನು ಬರೆಯಲು ಯಾರಿಂದಲೂ ಆಗಿಲ್ಲ. ಹಳ್ಳಿಯ ಒಬ್ಬ ಮುದುಕನು ತನ್ನ ನೆನಪನ್ನು ಅಕ್ಷರಕ್ಕಿಳಿಸಿ ಪರರ ಕೈಗಿತ್ತುದರಿಂದ ಇದು ಸಾಧ್ಯವಾಯಿತು. ನನ್ನ ಅಜ್ಜನೂ ನಕಲು ಮಾಡಿದ್ದನು, ಕೈಗಿತ್ತದ್ದು ನಮಗೆ. ನಾವು ರದ್ದಿಯವನ ಕೈಗಿತ್ತೆವು.

ಈಗ ಲೆಕ್ಕದ ಕಹಿಯಾದ ಭಾಗಕ್ಕೆ ಬರುತ್ತೇನೆ. ಕನ್ನಡಕ್ಕೆ ಮೊದಲ ಕಾವ್ಯಗಳನ್ನು ಕೊಟ್ಟವರು ನಾವೆಂದು ಹೇಳದ ಜೈನ ಭಾಷಣವಿಲ್ಲ. ಪಂಪ ನಮ್ಮವನು, ನಾಗಚಂದ್ರ ನಮ್ಮವನು, ಕವಿರಾಜಮಾರ್ಗ ನಮ್ಮದು, ಭಟ್ಟಾಕಳಂಕ ನಮ್ಮವನು. ಒಪ್ಪೋಣ. ಆದರೆ ಇವರನ್ನು ಓಲೆಯಿಂದ ಅಚ್ಚಿಗೆ ತಂದವರು ಯಾರು? ಮೈಸೂರು ಸರ್ಕಾರದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ. ಭಟ್ಟಾಕಳಂಕನ ಕರ್ನಾಟಕ ಶಬ್ದಾನುಶಾಸನ 1890ರಲ್ಲಿ, ನಾಗಚಂದ್ರನ ಪಂಪರಾಮಾಯಣ 1892ರಲ್ಲಿ, ಪಂಪಭಾರತ 1898ರಲ್ಲಿ, ಅದೇ ವರ್ಷ ಕವಿರಾಜಮಾರ್ಗ. ಮಾಲೆಯ ಹಿಂದಿದ್ದವನು ಬೆಂಗಳೂರಿನಲ್ಲಿ ಹುಟ್ಟಿದ ಕ್ರೈಸ್ತ ಅಧಿಕಾರಿ ಬಿ. ಎಲ್. ರೈಸ್, ಕವಿರಾಜಮಾರ್ಗವನ್ನು ಸಂಪಾದಿಸಿದವರು ಕೆ. ಬಿ. ಪಾಠಕ್. ಶ್ರವಣಬೆಳಗೊಳದ ಶಾಸನಗಳಲ್ಲಿ 144ನ್ನು ರೈಸ್ 1889ರಲ್ಲಿ ಪ್ರಕಟಿಸಿದನು. ಆರ್. ನರಸಿಂಹಾಚಾರ್ಯರು ಮತ್ತೆ ಹುಡುಕಿ 1923ರಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ನಾವು ಶತಮಾನಗಳಿಂದ ಮೆಟ್ಟಿಲು ಹತ್ತಿ ನಮಸ್ಕರಿಸಿ ಇಳಿದ ಅದೇ ಬಂಡೆಗಳ ಮೇಲೆ ಆ ಶಾಸನಗಳಿದ್ದವು. ನಾವು ಅವುಗಳ ಮೇಲೆ ನಡೆದೆವು. ಅವರು ಬಾಗಿ ಓದಿದರು. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919, 1929ರಲ್ಲಿ ಹೊರಬಂದವು. ನಮ್ಮ ಎಷ್ಟೋ ಕವಿಗಳ ಹೆಸರು ನಮಗೆ ತಿಳಿದದ್ದೇ ಅದರಿಂದ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದವರು ಎಂ. ರಂಗಾಚಾರ್ಯರು. ಇವರಾರೂ ನಮ್ಮ ಬಸದಿಯ ಸದಸ್ಯರಲ್ಲ. ಇವರಿಗೆ ನಾವು ಒಂದು ಕೃತಜ್ಞತೆಯ ಸಭೆಯನ್ನಾದರೂ ನಡೆಸಿದ್ದು ನನ್ನ ನೆನಪಿನಲ್ಲಿಲ್ಲ.

ಅರಮನೆಯ ಸಂಗ್ರಹಕ್ಕೂ ನಮ್ಮ ಭಂಡಾರಗಳಿಗೂ ಇದ್ದ ಭೇದವು 1891ರಲ್ಲಿ ಮೈಸೂರಿನಲ್ಲಿ ಕಾಣಿಸಿತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಅರಸನ ಸ್ವತ್ತಾಗಿದ್ದ ಗ್ರಂಥಸಂಗ್ರಹದ ಕೆಲಸವು ಸಾರ್ವಜನಿಕರದಾಯಿತು. 1905ರಲ್ಲಿ ತಂಜಾವೂರು ಸೀಮೆಯ ಒಬ್ಬ ಪಂಡಿತನು ತನ್ನಲ್ಲಿದ್ದ ಓಲೆಯ ಕಟ್ಟೊಂದನ್ನು ಅಲ್ಲಿಗೆ ತಂದುಕೊಟ್ಟನು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂತು. ಪ್ರಾಚೀನ ಭಾರತದ ರಾಜ್ಯನೀತಿಯ ಬಗೆಗೆ ಜಗತ್ತಿನ ತಿಳಿವಳಿಕೆಯೇ ಬದಲಾಯಿತು. ಆ ಪಂಡಿತನು ಕಟ್ಟನ್ನು ಹಿಡಿದು ಬಂದದ್ದು ಅಲ್ಲಿ ತೆರೆದ ಬಾಗಿಲಿದ್ದುದರಿಂದ. ಗ್ರಂಥವು ಬೆಳಕು ಕಂಡದ್ದು, ಬಂದ ಕಟ್ಟನ್ನು ಬಿಚ್ಚಿ ನೋಡುವುದೇ ಕೆಲಸವಾಗಿದ್ದ ಒಬ್ಬ ಮನುಷ್ಯನು ಬಾಗಿಲೊಳಗಿದ್ದುದರಿಂದ. ಗ್ರಂಥಾಲಯಕ್ಕೆ ಬೇಕಾದದ್ದು ಇವೆರಡೇ.

ಅದೇ ವರ್ಷಗಳಲ್ಲಿ ನಮ್ಮಲ್ಲಿ ಏನು ನಡೆಯುತ್ತಿತ್ತು? ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳಿದ್ದವು. ವೀರಸೇನಾಚಾರ್ಯರ ಧವಲಾ, ಅವರ ಶಿಷ್ಯ ಜಿನಸೇನರು 837ರಲ್ಲಿ ಅಮೋಘವರ್ಷನ ರಾಜ್ಯದಲ್ಲಿ ಪೂರ್ಣಗೊಳಿಸಿದ ಜಯಧವಲಾ: ಭಾಷಣಗಳಲ್ಲಿ ನಾವು ಹೊಗಳುವ ರಾಜಾಶ್ರಯದ ಕಾಲದ ನಿಜವಾದ ಫಲಗಳಿವು. ಲಿಪಿ ಹಳಗನ್ನಡ, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಯಾತ್ರಿಕರು ದೂರದಿಂದ ದರ್ಶನ ಪಡೆದು ಕಾಣಿಕೆಯಿತ್ತು ಹಿಂದಿರುಗುತ್ತಿದ್ದರು. 1880ರ ದಶಕದಲ್ಲಿ ನಮ್ಮ ಮುಂಬಯಿಯ ಶೇಠ್ ಮಾಣಿಕಚಂದ ಹೀರಾಚಂದರು ಯಾತ್ರೆಗೆ ಹೋದಾಗ ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಪ್ರತಿ ತೆಗೆಸಬೇಕೆಂದು ಚಿಂತಿಸಿದರು. ಸೊಲ್ಲಾಪುರದ ಹೀರಾಚಂದ ನೇಮಚಂದರೂ ಕೈಜೋಡಿಸಿದರು. ಆ ಶತಮಾನದ ಕೊನೆಯ ದಶಕದಲ್ಲಿ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಗಜಪತಿ ಶಾಸ್ತ್ರಿಗಳಿಂದ ನಕಲಿನ ಕಾರ್ಯವು ಆರಂಭವಾಯಿತು. ಆದರೆ ಪ್ರತಿಯು ಬಸದಿಯ ಹೊರಗೆ ಹೋಗಕೂಡದು! ಕೊನೆಗೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದಲೂ ನಕಲುಗಾರರ ಕೈಯಿಂದ ಗುಟ್ಟಾಗಿಯೇ ಇತರ ಊರುಗಳಿಗೆ ಹಬ್ಬಿತು. ಈ ಪ್ರತಿಗಳ ಆಧಾರದ ಮೇಲೆ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದರು. ಒಟ್ಟು 16 ಸಂಪುಟಗಳಾದವು.

ಬಂಧುಗಳೇ, ಇದನ್ನು ನಿಧಾನವಾಗಿ ಓದಿರಿ. ನಮ್ಮ ಆಗಮವು ನಮಗೆ ದೊರೆತದ್ದು ಒಬ್ಬ ಗೃಹಸ್ಥ ದಂಪತಿಗಳು ನಿಯಮ ಮುರಿದುದರಿಂದ. ಅವರು ನಿಯಮವನ್ನು ಪಾಲಿಸಿದ್ದರೆ ಇನ್ನೆಷ್ಟು ಕಾಲ ನಾವು ದೀಪದ ಬೆಳಕಿನಲ್ಲಿ ಓಲೆಗಳ ಅಂಚನ್ನು ನೋಡಿ ಕೈಮುಗಿಯುತ್ತಿದ್ದೆವೋ!

ಎದುರು ಮಾತುಗಳನ್ನು ನಾನು ಬಲ್ಲೆನು. ‘ಬೀಗ ಹಾಕಿದ್ದರಿಂದಲೇ ಉಳಿಯಿತು’ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಮೂಡುಬಿದಿರೆಯ ಹಿರಿಯರು ಶತಮಾನಗಳ ಕಾಲ ಮಳೆ, ಗೆದ್ದಲು, ಯುದ್ಧ, ದಾರಿದ್ರ್ಯಗಳ ನಡುವೆ ಆ ಓಲೆಗಳನ್ನು ಕಾಪಾಡಿದರು. ಅವರ ಪಾದಗಳಿಗೆ ನಮಸ್ಕಾರ. ಮುಂದೆ ಮೂಲಪ್ರತಿಗಳನ್ನು ತಾಳೆ ನೋಡಲು ಸಂಪಾದಕರಿಗೆ ಅವಕಾಶವನ್ನೂ ಅವರು ಕೊಟ್ಟರು. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳನ್ನು ಶೋಧಿಸಿ ಸಿದ್ಧಪಡಿಸಿದ ತಾಡಪತ್ರ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಬೀಗದ ಕೈ ಹಿಡಿದವರೇ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಇದೇ ನಿದರ್ಶನ. ಆದರೆ ಕಳ್ಳರಿಗಾಗಿ ಹಾಕಿದ ಬೀಗವು ಓದುಗರಿಗೂ ಬಿದ್ದಿತು. ಬೀಗವು ಗೆದ್ದಲನ್ನು ತಡೆಯುವುದಿಲ್ಲ. ಓದುಗನನ್ನು ಮಾತ್ರ ತಡೆಯುತ್ತದೆ.

‘ಅನ್ಯರ ಕೈ ತಗುಲಿದರೆ ಅವಿನಯವಾಗುತ್ತದೆ’ ಎಂಬುದು ಎರಡನೆಯದು. ನಾಲ್ಕು ದಾನಗಳಲ್ಲಿ ಶಾಸ್ತ್ರದಾನವನ್ನು ಎಣಿಸಿದವರು ನಮ್ಮ ಆಚಾರ್ಯರೇ. ಕೊಡದೆ ದಾನವಾಗುವುದೆಂತು? ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣದಿಂದ ನಮಗೆ ತಿಳಿಯುವಂತೆ, ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಯಿಸಿ ಹಂಚಿದಳು. ಅವಳ ಮೊದಲ ಕಾರ್ಯವನ್ನು ನಾವು ಇಂದಿಗೂ ಅನುಕರಿಸುತ್ತೇವೆ, ಅಮೃತಶಿಲೆಯಲ್ಲಿ. ಎರಡನೆಯ ಕಾರ್ಯವನ್ನು ಭಾಷಣಕ್ಕೆ ಬಿಟ್ಟುಕೊಟ್ಟಿದ್ದೇವೆ. ಮೂಡುಬಿದಿರೆಯ ಸಿದ್ಧಾಂತ ಪ್ರತಿಗಳೇ ಮಲ್ಲಿಕಬ್ಬೆಯಂಥ ಗೃಹಿಣಿಯರು ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮುನಿಗಳಿಗಿತ್ತವು. ಅಂದಿನ ವ್ರತವು ಒಂದು ಪ್ರತಿಯಲ್ಲಿ ಮುಗಿಯುತ್ತಿತ್ತು. ಇಂದಿನದು ಸ್ಟೀಲ್ ಡಬ್ಬಿಗಳ ಹಂಚಿಕೆಯಲ್ಲಿ ಮುಗಿಯುತ್ತದೆ.

ಮೂರನೆಯದು, ‘ಸರ್ಕಾರವು ಮಾಡಲಿ’. ಇಲ್ಲಿ ರಾಜಕೀಯದ ಮಾತು ಬೇಕು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ನಮ್ಮನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿತು. 2024ರ ಅಕ್ಟೋಬರಿನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಕನ್ನಡಕ್ಕೆ 2008ರಲ್ಲಿಯೇ ದೊರೆತಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳನ್ನು ಸಮೀಕ್ಷಿಸಿ ದಾಖಲಿಸುವ ‘ಜ್ಞಾನ ಭಾರತಂ’ ಯೋಜನೆಯನ್ನು ಸಾರಲಾಯಿತು. ಪ್ರತಿ ಘೋಷಣೆಗೂ ನಾವು ಅಭಿನಂದನಾ ಫಲಕಗಳನ್ನು ಏರಿಸಿದೆವು. ಸಮೀಕ್ಷೆಯವರು ಮನೆಯ ಬಾಗಿಲಿಗೆ ಬಂದರೆ ತೋರಿಸಲು ನಮ್ಮ ಬಳಿ ಏನಿದೆಯೆಂದು ಕೇಳಿದವರಿಲ್ಲ. ಸ್ಥಾನಮಾನವನ್ನು ಪಕ್ಷಗಳು ಚುನಾವಣೆಯ ಮುನ್ನ ಕೊಡಬಲ್ಲವು. ಪಟ್ಟಿಯನ್ನು ಕೊಡಲಾರವು, ಅದನ್ನು ಮಾಡುವವರು ಮನೆಯವರೇ ಆಗಬೇಕು. ಚಿಕ್ಕದೇವರಾಜರ ಒಲವಿನಂತೆಯೇ ಮಂತ್ರಿಮಂಡಲದ ಒಲವೂ ಇಂದಿದ್ದು ನಾಳೆ ಇಲ್ಲದ್ದು. ಇದನ್ನು ವಿಶಾಲಾಕ್ಷ ಪಂಡಿತನ ಕುಲದವರಾದ ನಮಗೆ ಇನ್ನೊಬ್ಬರು ಹೇಳಿಕೊಡಬೇಕೇ?

ಮುಂಬಯಿಗೆ ಈ ಕಾರ್ಯವು ಹೊಸದೂ ಅಲ್ಲ. 1914ರಲ್ಲಿ ತೀರಿಕೊಂಡ ಮಾಣಿಕಚಂದರ ಸ್ಮಾರಕವಾಗಿ ಇಲ್ಲಿ ದಿಗಂಬರ ಜೈನ ಗ್ರಂಥಮಾಲೆಯೊಂದು ಹುಟ್ಟಿತು. ನಾಥೂರಾಮ ಪ್ರೇಮಿಯವರು ಅದರ ಬೆನ್ನೆಲುಬಾಗಿದ್ದರು. ಇದೇ ನಗರದ ವಿಲ್ಸನ್ ಕಾಲೇಜಿನ ಅಧ್ಯಾಪಕ ಎಚ್. ಡಿ. ವೇಲಣಕರರು, ಜೈನರಲ್ಲದಿದ್ದರೂ, ಜೈನ ಗ್ರಂಥಗಳ ಹಾಗೂ ಹಸ್ತಪ್ರತಿಗಳ ಮಹಾಸೂಚಿಯಾದ ಜಿನರತ್ನಕೋಶವನ್ನು 1944ರಲ್ಲಿ ಪ್ರಕಟಿಸಿದರು. ಸದಲಗದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಪಾಠ ಹೇಳಿದ ನಮ್ಮ ಆ. ನೇ. ಉಪಾಧ್ಯೆಯವರು ಪ್ರಾಕೃತ ಗ್ರಂಥಗಳ ಸಂಪಾದನೆಗೆ ಬಾಳನ್ನೇ ಮುಡಿಪಿಟ್ಟರು. ಗಡಿಯಾಚೆಗೆ ನೆಲೆಸಿದ ಕನ್ನಡ ಜೈನನಿಗೆ ಇದು ಸಾಧ್ಯವಿಲ್ಲವೆಂದು ಹೇಳುವ ಬಾಯಿಯನ್ನು ಉಪಾಧ್ಯೆಯವರ ಬಾಳೇ ಮುಚ್ಚಿಸುತ್ತದೆ.

ಆದುದರಿಂದ ನಾನು ಕೇಳುವುದು ನಾಲ್ಕು. ಒಂದು, ಬರುವ ಶ್ರುತಪಂಚಮಿಯಂದು ಪ್ರತಿ ಮನೆಯವರೂ ತಮ್ಮಲ್ಲಿರುವ ಓಲೆ, ಕೈಬರಹ, ಹಳೆಯ ಅಚ್ಚಿನ ಪುಸ್ತಕಗಳ ಪಟ್ಟಿಯನ್ನು ಮಾಡಲಿ: ಹೆಸರು, ಬರೆದವರು, ನಕಲುಗಾರರು, ಗರಿಗಳ ಸಂಖ್ಯೆ, ಯಾವ ಊರಿನಿಂದ ಬಂದದ್ದು. ಓದಲು ಬಾರದಿದ್ದರೆ ಮೊದಲ ಮತ್ತು ಕೊನೆಯ ಗರಿಯ ಚಿತ್ರವನ್ನು, ಪಕ್ಕದಲ್ಲಿ ಅಳತೆಪಟ್ಟಿಯನ್ನಿರಿಸಿ, ಮೊಬೈಲಿನಲ್ಲಿ ತೆಗೆದಿಡಲಿ. ಗ್ರಂಥದ ಹೆಸರೂ ಕಾಲವೂ ಬಹುಮಟ್ಟಿಗೆ ಕೊನೆಯ ಗರಿಯಲ್ಲಿರುತ್ತವೆ. ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬೇಡಿರಿ, ಪ್ಲಾಸ್ಟಿಕ್ ಹೊದಿಸಬೇಡಿರಿ. ಎರಡು, ಯಾವ ಸಮಾರಂಭದಲ್ಲಿ ಕಲಶಕ್ಕೆ ಸವಾಲು ನಡೆಯುವುದೋ ಅಲ್ಲಿ ಒಂದು ಪಾಲು ಗ್ರಂಥಸಂರಕ್ಷಣೆಗೆಂದು ಬರೆಯಿಸಿಕೊಳ್ಳಲಿ. ಅದರ ಲೆಕ್ಕವನ್ನು ಪ್ರಕಟಿಸಲಿ. ಮೂರು, ಊರಿನ ಬಸದಿಗೆ ದೇಣಿಗೆ ಕಳುಹಿಸುವಾಗ ಭಂಡಾರದ ಸೂಚಿ ಎಲ್ಲಿದೆ, ಅದರ ಚಿತ್ರಪ್ರತಿ ಯಾರಿಗೆ ದೊರೆಯುವುದು ಎಂಬ ಪ್ರಶ್ನೆಯನ್ನು ಹಣದ ಜೊತೆಗೇ ಕಳುಹಿಸಿರಿ. ಜಾತಿ, ಮತ, ಲಿಂಗ ಕೇಳದೆ ಓದುಗರಿಗೆ ಅದು ದೊರೆಯಬೇಕು. ನಾಲ್ಕು, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿರಿ. ವಡಾಲದಲ್ಲಿಯೇ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯಿದೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಓದುವ ಕಣ್ಣಿಲ್ಲದ ಮನೆಯಲ್ಲಿ ಓಲೆಯು ಸೌದೆಗೆ ಸಮಾನ.

ನಾಲ್ಕನೆಯದನ್ನು ಕಡೆಗೆ ಹೇಳಿದರೂ ಅದೇ ಮೊದಲನೆಯದು. ನನ್ನ ಮನೆಯಲ್ಲಿ ಪೆಟ್ಟಿಗೆಯಿತ್ತು, ಪುಸ್ತಕವಿತ್ತು, ಗೌರವವೂ ಇತ್ತು. ಪ್ರತಿ ವರ್ಷ ಅದಕ್ಕೆ ಗಂಧಾಕ್ಷತೆ ಬೀಳುತ್ತಿತ್ತು. ತೆರೆದು ಓದಿದವರಿರಲಿಲ್ಲ. ಓದಿದ್ದರೆ ಅದನ್ನು ತಕ್ಕಡಿಗೆ ಹಾಕುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ.

ಪೆಟ್ಟಿಗೆ ಈಗಲೂ ಇದೆ. ಕಬ್ಬಿಣವೆಂದು ಅದನ್ನು ಉಳಿಸಿಕೊಂಡೆವು. ಹೊಸ ಮನೆಯ ಬೀಗದ ಕೈ ದೊರೆಯುವವರೆಗೆ ಅದು ಬಾಡಿಗೆ ಮನೆಯ ಮಂಚದ ಕೆಳಗಿದೆ, ಖಾಲಿಯಾಗಿ. ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆ ಇನ್ನೂ ತುಂಬಿದ್ದರೆ, ಈ ಭಾನುವಾರವೇ ಅದನ್ನು ಕೆಳಗಿಳಿಸಿರಿ.

ಜೈ ಜಿನೇಂದ್ರ.